ಹಿಂದೆ ಗಾಜು

"ಸ್ವಲ್ಪ ಕೆಟ್ಟದಾಗಿ ಓಡಿಸು," ಅಂದರು ಭಾವ. "ಹೊಸಬರ ಥರ. ಒಂದೆರಡು ಸಲ ಗಾಡಿ ಆಫ್ ಮಾಡು. ಗೇರ್ ಹಾಕುವಾಗ ಬಗ್ಗಿ ನೋಡು."

"ಇಷ್ಟು ವರ್ಷ ಲಾರಿ ಓಡಿಸಿದವಳು ಬಗ್ಗಿ ನೋಡಬೇಕಾ?"

"ಈ ರಾಜ್ಯದಲ್ಲಿ ನೀನು ಲಾರಿ ಕಂಡವಳೇ ಅಲ್ಲ."

ಅಕ್ಕ ಒಲೆಯ ಮುಂದಿನಿಂದಲೇ ನಕ್ಕಳು. "ಅವಳಿಗೆ ನಾಟಕ ಬರಲ್ಲರೀ. ಶಾಲೆಯಲ್ಲಿ ಮರದ ಪಾರ್ಟು ಕೊಟ್ಟಿದ್ರು. ಮಧ್ಯದಲ್ಲೇ ಎದ್ದು ಹೋದ ಮರ ಅದು."

ಗಡಿಯ ಆಚೆ, ನಮ್ಮ ರಾಜ್ಯದಲ್ಲಿ, ನನ್ನ ಲೈಸೆನ್ಸ್ ಒಂದು ವರ್ಷಕ್ಕೆ ಅಮಾನತಾಗಿತ್ತು. ಈಚೆ ಅಕ್ಕನ ಮನೆ, ಬೇರೆ ಕಚೇರಿ, ಬೇರೆ ಸಾಹೇಬರು. ಇಲ್ಲಿಯ ಗಾಜಿನ ಗೋದಾಮಿನ ಮಾಲೀಕ ಡ್ರೈವರ್ ಹುಡುಕುತ್ತಿದ್ದ. ಅವನದು ಸಣ್ಣ ಲಾರಿ, ಕಾರಿನ ಲೈಸೆನ್ಸೇ ಸಾಕು; ಅದನ್ನು ತೋರಿಸಿದ ದಿನ ಕೀ ಕೊಡುತ್ತೇನೆ ಅಂದಿದ್ದ.

ಕೆಂಪು ದೀಪ ದಾಟಿದೆ ಅನ್ನುವುದು ನನ್ನ ಮೇಲಿದ್ದ ಆರೋಪ. ದಾಟಿದ್ದು ನಿಜವೇ. ಗಾಜಿನ ಲಾರಿಯಲ್ಲಿ ಹಾಳೆಗಳನ್ನು ಮರದ ಚೌಕಟ್ಟಿಗೆ ಒರಗಿಸಿ ಹಗ್ಗ ಬಿಗಿಯುತ್ತಾರೆ. ದಾರಿಯಲ್ಲಿ ಹಗ್ಗ ಸಡಿಲವಾದರೆ ಎಳೆದು ಕಟ್ಟಲು ಒಬ್ಬರು ಹಿಂದೆ, ಗಾಜಿನ ಪಕ್ಕದಲ್ಲೇ ಕೂರುತ್ತಾರೆ. ನಮ್ಮ ಲಾರಿಯಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಮಾವ ಅನ್ನುತ್ತಿದ್ದೆವು. ಯಾರಿಗೆ ಮಾವ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಕೆಲಸದಲ್ಲಿ ಕಾಲು ಕಲಿಯುವ ಮೊದಲ ಪಾಠವೇ ಬ್ರೇಕನ್ನು ಗಕ್ಕನೆ ಒತ್ತಬಾರದು ಅನ್ನುವುದು. ಲಾರಿ ನಿಂತರೂ ಗಾಜು ನಿಲ್ಲುವುದಿಲ್ಲ, ಪಕ್ಕದಲ್ಲಿ ಕೂತವರ ಮೇಲೇ ಬರುತ್ತದೆ. ಆ ಸಿಗ್ನಲ್ಲಿನಲ್ಲಿ ಹಳದಿ ಕೆಟ್ಟು ಯಾವ ಕಾಲವಾಗಿತ್ತೋ, ಹಸಿರಿನ ಹಿಂದೆಯೇ ಕೆಂಪು ಬಿತ್ತು. ಅಡ್ಡ ರಸ್ತೆ ಖಾಲಿಯಿತ್ತು. ಹಾರನ್ ಒತ್ತಿಕೊಂಡೇ ದಾಟಿದೆ. ಮಾವ ಸಂಜೆ ನಡೆದುಕೊಂಡೇ ಮನೆಗೆ ಹೋದರು.

"ತಪ್ಪಾಯ್ತು ಅಂತ ಬರೆದುಕೊಡಮ್ಮ, ನಾಳೆಯೇ ಬಿಡ್ತೀವಿ," ಅಂದಿದ್ದರು ಅಲ್ಲಿಯ ಸಾಹೇಬರು.

"ಯಾವುದು ತಪ್ಪು ಅಂತ ಬರೀಲಿ? ಮಾವ ಬದುಕಿರೋದಾ?"

ವರ್ಷ ಪೂರ್ತಿ ಬಿತ್ತು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಕಾಗದದ ಲೋಟದಲ್ಲಿ ಟೀ ಹಿಡಿದುಕೊಂಡೇ ಕಾರು ಹತ್ತಿದರು. ಕನ್ನಡಕ ಹಣೆಯ ಮೇಲಿತ್ತು. ಹೊಸಬಳಾಗಬೇಕೆಂದು ನನಗೆ ನೆನಪಾಗುವಷ್ಟರಲ್ಲಿ ಗಾಡಿ ಮೂರನೇ ಗೇರಿನಲ್ಲಿತ್ತು.

"ಯಾರು ಕಲಿಸಿದ್ದು?"

"ಗಾಜು."

"ಏನು?"

"ಗಾಜಿನ ಲಾರಿ ಸಾರ್. ಅದೇ ನನ್ನ ಮೇಷ್ಟ್ರು."

ಭಾವನ ನಾಟಕಕ್ಕೆ ಅಲ್ಲಿಗೆ ತೆರೆ ಬಿತ್ತು.

"ಸರಿ. ನಾನು ಡ್ಯಾಶ್‌ಬೋರ್ಡ್ ತಟ್ಟಿದ ಕೂಡಲೇ ನಿಲ್ಲಿಸಿ."

ತಟ್ಟಿದರು. ನನ್ನ ಕಾಲು ತನಗೆ ಗೊತ್ತಿದ್ದಂತೆ ಒತ್ತಿತು. ಕಾರು ಉದ್ದಕ್ಕೆ ಸಾಗಿ, ಮೆತ್ತಗೆ ನಿಂತಿತು. ಲೋಟದ ಟೀ ಅಲುಗಲಿಲ್ಲ.

"ನಿಲ್ಲಿಸಿ ಅಂದೆ. ಜೋಗುಳ ಹಾಡಿ ಮಲಗಿಸಿ ಅನ್ನಲಿಲ್ಲ. ಮುಂದೆ ಮಗು ಓಡಿಬಂದರೆ?"

"ಹಿಂದೆ ಮಾವ ಇದ್ದರೆ?"

"ಹಿಂದೆ ಯಾರಿದ್ದಾರಮ್ಮ?"

ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಒಂದು ಧೂಳು ಒರೆಸುವ ಬಟ್ಟೆ ಬಿದ್ದಿತ್ತು, ಅಷ್ಟೇ.

"ಇನ್ನೊಂದೇ ಸಲ," ಅಂದರು. ವೇಗ ಹಿಡಿದೆ. ತಟ್ಟಿದರು. ಕಾಲು ಬೇಡ ಬೇಡ ಅನ್ನುತ್ತಿರುವಾಗಲೇ ತುಳಿದೆ. ಕಾರು ಮೂಗು ನೆಲಕ್ಕೆ ತಾಗಿಸುವಂತೆ ಬಗ್ಗಿ ನಿಂತಿತು. ಹಿಂದೆ ಏನೂ ಒಡೆದ ಸದ್ದಿಲ್ಲ. ಆದರೂ ಪೂರ್ತಿ ತಿರುಗಿ ನೋಡಿದೆ.

"ಪಾಸು," ಅಂದರು ಇನ್ಸ್‌ಪೆಕ್ಟರ್, ಅಂಗಿಯ ಮೇಲೆ ಚೆಲ್ಲಿದ ಟೀ ಒರೆಸಿಕೊಳ್ಳುತ್ತಾ.

ಕೌಂಟರಿನಲ್ಲಿ ಹೆಬ್ಬೆಟ್ಟು ಒತ್ತಿದೆ. ಕಂಪ್ಯೂಟರಿಗೆ ಗಡಿಯೂ ಇಲ್ಲ, ನಾಚಿಕೆಯೂ ಇಲ್ಲ. ಕೂತಿದ್ದ ಹೆಂಗಸು ಪರದೆ ನೋಡಿ ಇನ್ಸ್‌ಪೆಕ್ಟರನ್ನು ಕರೆದಳು.

"ಅಲ್ಲಿ ಅಮಾನತು ಇರೋವರೆಗೂ ಇಲ್ಲಿ ಕೊಡೋ ಹಾಗಿಲ್ಲ. ಮೊದಲೇ ಹೇಳಬಾರದಿತ್ತಾ?" ಅಂದರು ಇನ್ಸ್‌ಪೆಕ್ಟರ್.

"ನೀವು ಕೇಳಲಿಲ್ಲ."

ಅವರು ಒಂದು ಬಿಳಿ ಹಾಳೆ, ಪೆನ್ನು ನನ್ನ ಮುಂದೆ ಸರಿಸಿದರು. "ತಪ್ಪಾಯ್ತು ಅಂತ ಬರೆದರೆ ತೆಗೀತಾರಂತೆ, ಇಲ್ಲೇ ಬರೆದಿದೆ. ನಾನೇ ಕಳಿಸ್ತೀನಿ. ಸಂಜೆಯೊಳಗೆ ಕಾರ್ಡು ಕೈಯಲ್ಲಿರುತ್ತೆ."

ಜೊತೆಗೆ ಬಂದಿದ್ದ ಭಾವ ಮೊಣಕೈಯಿಂದ ತಿವಿದರು. "ಬರೀ ತಾಯಿ, ಎರಡು ಸಾಲು. ಯಾರಪ್ಪನ ಗಂಟು ಹೋಗುತ್ತೆ?"

"ಸಾರ್," ಅಂದೆ, "ಹಿಂದೆ ಗಾಜಿದ್ದು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿದ್ದರೆ, ನನ್ನ ಎರಡನೇ ಬ್ರೇಕಿಗೆ ಪಾಸು ಅಂತಿದ್ರಾ?"

ಅವರು ತಮ್ಮ ಅಂಗಿಯ ಕಲೆ ನೋಡಿಕೊಂಡರು. "ಅದನ್ನ ನಾನು ಬರೆದುಕೊಡೋಕಾಗಲ್ಲಮ್ಮ."

"ನನಗೂ ಇದನ್ನ ಬರೆದುಕೊಡೋಕಾಗಲ್ಲ."

ಹಾಳೆಯನ್ನು ಹಾಗೇ ಹಿಂದಕ್ಕೆ ತಳ್ಳಿದೆ. ಮನೆಗೆ ಬಂದೆವು. ಬಾಗಿಲಲ್ಲಿ ಅಕ್ಕ ನನ್ನ ಮುಖ ನೋಡಿ, "ಮರ ಎದ್ದು ಬಂತಾ?" ಅಂದಳು.

ಅಮಾನತಿನ ವರ್ಷದಲ್ಲಿ ಇನ್ನೂ ಅರ್ಧ ಉಳಿದಿತ್ತು. ಮುಗಿಯಲಿ, ತಾನಾಗಿಯೇ ಮುಗಿಯಲಿ.

ಮರುದಿನ ಗೋದಾಮಿನ ಮಾಲೀಕ ಕೀಗೊಂಚಲನ್ನು ಜೇಬಿಗೆ ಹಾಕಿಕೊಂಡ. "ಲೈಸೆನ್ಸ್ ಇಲ್ಲದೆ ಕೀ ಇಲ್ಲ."

"ಹಿಂದೆ ಕೂರೋಕೆ ಲೈಸೆನ್ಸ್ ಬೇಕಾ?"

ತಮಾಷೆ ಅಂದುಕೊಂಡು ನಕ್ಕ. ನಾನು ಆಗಲೇ ಲಾರಿ ಹತ್ತಿ ಹಗ್ಗದ ಗಂಟು ಎಳೆದು ನೋಡುತ್ತಿದ್ದೆ. ಯಾರೋ ಸಡಿಲ ಕಟ್ಟಿದ್ದರು. ಬಿಚ್ಚಿ ಕಟ್ಟಿದೆ. ಚೌಕಟ್ಟಿನ ಪಕ್ಕ ಗೋಣಿಚೀಲ ಮಡಚಿ ಹಾಕಿಕೊಂಡು ಕೂತೆ. ಹಾಳೆಗಳಲ್ಲಿ ನನ್ನ ಮುಖ ಒಂದರ ಹಿಂದೊಂದು ಸಾಲಾಗಿ ನಿಂತಿತು, ಒಂದೂ ತಲೆ ತಗ್ಗಿಸಿರಲಿಲ್ಲ.

ಕೀ ಬೇರೊಬ್ಬನ ಕೈಗೆ ಹೋಯಿತು. ಆ ಹೊಸ ಡ್ರೈವರ್ ಕಿಟಕಿಯಿಂದ ಕತ್ತು ಚಾಚಿದ. "ಅಕ್ಕಾ, ಅಲ್ಲಿ ಭಯ ಆಗಲ್ವಾ?"

"ಬ್ರೇಕ್ ಇರೋದು ನಿನ್ನ ಕಾಲಡಿ. ಭಯ ನೀನು ಇಟ್ಕೊ."

ಮೊದಲ ಸಿಗ್ನಲ್ ಇನ್ನೂ ದೂರವಿತ್ತು. ಹಳದಿ ಹತ್ತಿತು. ಕ್ಯಾಬಿನ್ನಿನ ತಗಡಿಗೆ ಅಂಗೈಯಿಂದ ಬಾರಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದೆ:

"ಹಿಂದೆ ನಾನಿದ್ದೀನಿ!"