ಸೀಗಿ ಹುಣ್ಣಿಮೆಯ ಸವಾರಿ

ಇಂಡಿ ಪಟ್ಟಣದ ಸೈಕಲ್ ಬಳಗದಲ್ಲಿ ಹನ್ನೊಂದು ಜನ. ಹತ್ತು ಸೈಕಲ್ಲುಗಳಿಗೆ ಗೇರು ಇತ್ತು, ಒಂದಕ್ಕೆ ಕ್ಯಾರಿಯರ್ ಇತ್ತು. ಕ್ಯಾರಿಯರ್ ಇದ್ದ ಕರಿ ಸೈಕಲ್ಲು ಟೇಲರ್ ಅಬ್ದುಲರಜಾಕನದು. ಐವತ್ತೆಂಟರ ಮನುಷ್ಯ ಮೂರು ತಿಂಗಳ ಹಿಂದೆ ತಾನಾಗಿಯೇ ಹೋಗಿ ಬಳಗ ಸೇರಿದಾಗ ಹೆಂಡತಿ ಜೈತುನಬಿ, "ಮೊಣಕಾಲ ಹಿಡ್ಕೊಂಡು ಅಂಗಡಿ ಮೆಟ್ಟಲಾ ಹತ್ತತೀರಿ, ನಿಮಗ್ಯಾಕ ಈ ಹುಚ್ಚ?" ಎಂದು ನಕ್ಕಿದ್ದಳು. ರಜಾಕ ಚೈನಿಗೆ ಎಣ್ಣೆ ಹಾಕತೊಡಗಿದ್ದ.

ಬಳಗದ ಮುಂದಾಳು ಅರುಣಕುಮಾರ, ಮಂಡ್ಯದ ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿ. ಮಳೆ ನಿಂತ ಮೇಲೆ ಅಗರಖೇಡದ ಹೊಳೆಯವರೆಗೆ ಒಂದು ಸವಾರಿ ಹೋಗೋಣ ಎಂದು ಅವರು ಅಂದಾಗ, ದಿನ ಗೊತ್ತುಮಾಡಿದವನು ರಜಾಕನೇ. "ಸೀಗಿ ಹುಣ್ಣಿಮಿಗೆ ಹೋಗೂನ್ರಿ ಸಾಹೇಬ್ರ. ಅವತ್ತ ಯಾರೂ ಹೊಲದಾಗ ದುಡಿಯಂಗಿಲ್ಲ. ರಸ್ತಾ ಖಾಲಿ ಇರ್ತೈತಿ."

ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವತ್ತು ಹೊಲಗಳಲ್ಲಿ ದುಡಿಯುವವರು ಇರುವುದಿಲ್ಲ, ಉಣ್ಣುವವರು ಇರುತ್ತಾರೆ. ಪೈರು ಹೊತ್ತ ಭೂಮಿತಾಯಿಯ ಬಯಕೆ ತೀರಿಸುವ ದಿನ ಅದು. ಮನೆಯಿಂದ ತಂದ ಅಡುಗೆಯನ್ನು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ದಾರಿಯಲ್ಲಿ ಹೋಗುವವರು ಯಾರೇ ಇರಲಿ, ವೈರಿಯೇ ಆಗಲಿ, ಕರೆದು ಉಣ್ಣಿಸದೆ ಬಿಡುವಂತಿಲ್ಲ. ರಜಾಕ ನಂಬಿದ್ದು ಆ ಕೊನೆಯ ಮಾತನ್ನು. ಅಗರಖೇಡದ ದಾರಿಗೆ ಹತ್ತಿಕೊಂಡೇ ಗುರಪ್ಪನ ಹೊಲವಿತ್ತು.

ಗುರಪ್ಪ ಮತ್ತು ರಜಾಕ ಅಗರಖೇಡದ ಒಂದೇ ಓಣಿಯಲ್ಲಿ ಬೆಳೆದವರು. ಒಂದೇ ಸೈಕಲ್ಲಿನ ಮೇಲೆ, ಒಬ್ಬ ತುಳಿದರೆ ಇನ್ನೊಬ್ಬ ಕ್ಯಾರಿಯರ್ ಮೇಲೆ ಕೂತು, ಹೈಸ್ಕೂಲು ಮುಗಿಸಿದವರು. ಗುರಪ್ಪನ ತಾಯಿ ಸಿದ್ದವ್ವ ಇಬ್ಬರಿಗೂ ಒಂದೇ ತಾಟಿನಲ್ಲಿ ಕಲಸಿ ತುತ್ತು ಕೊಡುತ್ತಿದ್ದಳು. ಪ್ರತಿ ಸೀಗಿ ಹುಣ್ಣಿಮೆಗೆ ಗುರಪ್ಪ ಮುಂದೆ ಚರಗ ಚೆಲ್ಲಬೇಕು, ರಜಾಕ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸಬೇಕು. ಮದುವೆಯಾಗಿ ರಜಾಕ ಇಂಡಿಗೆ ಬಂದು ಅಂಗಡಿ ಹಾಕಿದ ಮೇಲೂ ಅದು ತಪ್ಪಿರಲಿಲ್ಲ.

ಏಳು ವರ್ಷದ ಹಿಂದೆ ಸಿದ್ದವ್ವ ತೀರಿಕೊಂಡಳು. ಆವತ್ತು ರಜಾಕ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ. ಮಗಳಿಗೆ ಹೆರಿಗೆ ಕಷ್ಟವಾಗಿ ಜೀವ ಕೈಯಲ್ಲಿ ಹಿಡಿದು ಕೂತವನಿಗೆ ಮೊಬೈಲಿನ ಚಾರ್ಜು ತೀರಿದ್ದು ಕೂಡ ಗೊತ್ತಿರಲಿಲ್ಲ. ಮಣ್ಣು ಮಾಡಿದ ನಾಲ್ಕನೆಯ ದಿನ ಓಡಿ ಬಂದರೆ ಗುರಪ್ಪ ಹೊಸ್ತಿಲಲ್ಲೇ ತಡೆದ. "ಅವ್ವ ಕಡೀತನಕ ನಿನ್ನ ಹೆಸರ ಹಿಡದು ಕೇಳಿದ್ಲು. ಮಣ್ಣಿಗೆ ಬರಲಾರದವ ಊಟಕ್ಕೂ ಬರಬ್ಯಾಡ."

ರಜಾಕ ಕಾರಣ ಹೇಳಬಹುದಿತ್ತು. ಕೇಳದವನ ಮುಂದೆ ಏನು ಹೇಳುವುದು ಎಂದು ಸೆಟೆದು ತಿರುಗಿ ಬಂದ. ಹಟದಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರೇ. ಆ ವರ್ಷ ಸೀಗಿ ಹುಣ್ಣಿಮೆಯ ಹಿಂದಿನ ದಿನ ಅಗರಖೇಡದಿಂದ ಕರೆ ಬರಲಿಲ್ಲ. ಕರೆಯದೆ ಹೋಗುವುದು ಹೇಗೆ? ಏಳು ಹುಣ್ಣಿಮೆ ಅವನು ಮಷೀನಿನ ಮುಂದೆ ಕೂತು, ನೆರೆಮನೆಯಲ್ಲಿ ಚರಗಕ್ಕೆ ಬೇಯುವ ಪುಂಡಿಪಲ್ಯದ ವಾಸನೆಗೆ ಹೊಲಿಗೆ ತಪ್ಪು ಹಾಕಿದ. ಊಟದ ಆಸೆಯಲ್ಲ ಅದು. ಗುರಪ್ಪನ ಬೆನ್ನ ಹಿಂದೆ ನಡೆಯುವ ಆಸೆ.

ಆ ದಿನ ಒಂಬತ್ತಕ್ಕೆ ಹೊರಟರು. ಬೇಗ ಹೋದರೆ ಹೊಲಕ್ಕೆ ಯಾರೂ ಬಂದಿರುವುದಿಲ್ಲವೆಂದು ರಜಾಕನೇ ಮಂಜಿನ ನೆಪ ಹೇಳಿ ತಡ ಮಾಡಿಸಿದ್ದ. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ತೊಗರಿ ಹಳದಿ ಹೂ ಹೊತ್ತಿತ್ತು. ಅರುಣಕುಮಾರ ಕೈಗಡಿಯಾರದಲ್ಲಿ ವೇಗ ನೋಡುತ್ತ ಮುಂದೆ ತುಳಿಯುತ್ತಿದ್ದರು. ಅರ್ಧ ದಾರಿಯಲ್ಲಿ ಒಬ್ಬ ಮುದುಕಿ ರಸ್ತೆಗೇ ಬಂದು ಅಡ್ಡ ನಿಂತಳು. "ಉಂಡು ಹೋಗ್ರೆಪಾ. ಇವತ್ತ ಹಂಗ ಹೋಗಬಾರದು." ಉಂಡು ಎದ್ದು ಒಂದು ಮೈಲು ಹೋಗಿರಲಿಲ್ಲ, ಇನ್ನೊಂದು ಹೊಲದವರು ಕರೆದರು. ಅಲ್ಲಿ ಶೇಂಗಾ ಹೋಳಿಗೆ. ಮೂರನೆಯ ಹೊಲದಲ್ಲಿ ಗೇರಿನ ಸೈಕಲ್ಲಿನವರು ಬೇವಿನ ನೆರಳಿಗೆ ಉರುಳಿಕೊಂಡರು.

"ಒಳ್ಳೆ ದಿನ ಹೇಳಿದ್ರಿ ಕಣ್ರೀ. ನೀವು ಮಾತ್ರ ಒಂದು ತುತ್ತೂ ಮುಟ್ಟಲಿಲ್ಲ, ಉಪವಾಸವಾ?" ಎಂದು ಅರುಣಕುಮಾರ ಕೇಳಿದರು.

"ಇಲ್ಲರಿ. ಹೊಟ್ಟಿ ಮುಂದಿನ ಹೊಲಕ್ಕ ಮಾತ ಕೊಟ್ಟೈತಿ," ಎಂದ ರಜಾಕ.

ಗುರಪ್ಪನ ಹೊಲ ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದು ಪೂಜಿಸಿದ ಐದು ಕಲ್ಲು, ಅವುಗಳ ಪಕ್ಕ ದಾರಿಗೆ ಮುಖ ಮಾಡಿ ಗುರಪ್ಪ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸೈಕಲ್ಲಿನವರನ್ನು ಕಂಡು ಎದ್ದು, "ಬರ್ರಿ, ಎಲ್ಲಾರೂ ಬರ್ರಿ," ಎಂದ. ಕೊನೆಗೆ ಬಂದ ಕರಿ ಸೈಕಲ್ಲಿನ ಮೇಲೆ ಕಣ್ಣು ಬಿತ್ತು. ಹಾಗೇ ಮತ್ತೆ ಕೂತ.

ಹತ್ತು ಜನ ಹೋಗಿ ನೆರಳಿನಲ್ಲಿ ಕೂತರು. ರಜಾಕ ಬದುವಿನ ಮೇಲೆ ಸೈಕಲ್ ಹಿಡಿದು ನಿಂತೇ ಇದ್ದ. ಕರೆದದ್ದು ಎಲ್ಲರನ್ನೂ ಹೌದು. ಆದರೆ ಆ ಎಲ್ಲರಲ್ಲಿ ತಾನೂ ಸೇರಿದವನು ಎಂಬ ಧೈರ್ಯ ಬರಲಿಲ್ಲ. ಇಷ್ಟು ದೂರ ತುಳಿದು ಬಂದು ಇನ್ನು ಹತ್ತು ಹೆಜ್ಜೆ ಇಡಲಾಗದೆ ನಿಂತ.

ಗುರಪ್ಪನ ಹೆಂಡತಿ ಹನಮವ್ವ ಸೆರಗು ಸರಿಮಾಡಿಕೊಂಡು ಬದುವಿಗೆ ಬಂದಳು. "ಈಗ ಬಂದ್ರೇನ್ರಿ ಅಣ್ಣಾ," ಎಂದು ದನಿ ತಗ್ಗಿಸಿದಳು. "ಚರಗ ಇನ್ನಾ ಚೆಲ್ಲಿಲ್ಲ ನೋಡ್ರಿ. ವರ್ಷಾ ಇವರು ಹಿಂಗ, ಹೊತ್ತ ಇಳಿಯೂತನಕ ದಾರಿ ನೋಡ್ಕೋತ ಕೂಡ್ತಾರ. ತಂಬಗಿ ಹಿಡ್ಯಾಕ ಮಕ್ಕಳನೂ ಒಲ್ಲೆ ಅಂತಾರ. ಒಬ್ಬರ ಚೆಲ್ಲಿ ಬರ್ತಾರ."

ರಜಾಕನ ಕಣ್ಣು ತುಂಬಿ ಬಂತು. ಏಳು ವರ್ಷ ಬಯಸಿದ್ದು ತಾನೊಬ್ಬನೇ ಎಂದುಕೊಂಡಿದ್ದನಲ್ಲ.

ಅಷ್ಟರಲ್ಲಿ ಗುರಪ್ಪ ಬುಟ್ಟಿ ಹೊತ್ತು, ಯಾರನ್ನೂ ನೋಡದೆ, ಹೊಲಕ್ಕೆ ಇಳಿದ. ರಜಾಕ ಸೈಕಲ್ಲನ್ನು ಬದುವಿಗೆ ಒರಗಿಸಿ ಚಪ್ಪಲಿ ಬಿಟ್ಟ. ಯಾರೂ ಕೊಡದ ತಂಬಿಗೆಯನ್ನು ತಾನೇ ಎತ್ತಿಕೊಂಡು ಹಿಂದೆ ನಡೆದ. ಗುರಪ್ಪ ತಿರುಗಿ ನೋಡಲಿಲ್ಲ. ಆದರೆ ಅವನ ಹೆಜ್ಜೆ ಸಣ್ಣದಾಯಿತು. ಹುಡುಗರಿದ್ದಾಗ ಗಿಡ್ಡ ಕಾಲಿನ ರಜಾಕ ಹಿಂದೆ ಬೀಳಬಾರದೆಂದು ಅವನು ಹೀಗೇ ನಡೆಯುತ್ತಿದ್ದ. ಅವನು ಚೆಲ್ಲಿದ, ಇವನು ನೀರು ಚಿಮುಕಿಸಿದ. ಹೀಗೆ ಮೂರು ಮೂಲೆ ಮುಗಿಯಿತು.

ನಾಲ್ಕನೆಯ ಮೂಲೆಯಲ್ಲಿ ಸಿದ್ದವ್ವನ ಸಮಾಧಿ. ಸುತ್ತ ಕಲ್ಲು ಜೋಡಿಸಿದ ಮಣ್ಣಿನ ದಿಬ್ಬ, ಅಷ್ಟೇ. ಗುರಪ್ಪ ಅದರ ಮೇಲೆ ಒಂದು ತುತ್ತು ಇಟ್ಟು ಪಕ್ಕಕ್ಕೆ ಸರಿದು ನಿಂತ.

ರಜಾಕ ತಂಬಿಗೆ ಕೆಳಗಿಟ್ಟು ಮೊಣಕಾಲೂರಿದ. ಹಸಿ ಎರೆಮಣ್ಣು ಒಂದು ಹಿಡಿ ತೆಗೆದು ದಿಬ್ಬಕ್ಕೆ ಹಾಕಿದ. ಮತ್ತೊಂದು ಹಿಡಿ, ಮಗುದೊಂದು ಹಿಡಿ. "ಅವ್ವಾ, ಮಗಳು ಹೆರಾಕ ಒದ್ದಾಡಾಕತ್ತಿದ್ಲು. ಸುದ್ದಿನ ಗೊತ್ತಾಗಲಿಲ್ಲ ನನಗ," ಎಂದ. ಬದುಕಿದ್ದವನಿಗೆ ಏಳು ವರ್ಷ ಹೇಳದ ಮಾತನ್ನು ಸತ್ತವಳಿಗೆ ಹೇಳಿದ. ಬದುಕಿದ್ದವನೂ ಕೇಳಿಸಿಕೊಂಡ.

ಗುರಪ್ಪ ಬಗ್ಗಿ ತಂಬಿಗೆ ಎತ್ತಿಕೊಂಡ. "ಮಣ್ಣಿಗೆ ಬಂದಿ. ಕೈ ತೊಳಕೋ, ಊಟಕ್ಕ ನಡಿ."

ರಜಾಕ ಕೈ ಒಡ್ಡಿದ. ನೀರು ತೀರುವವರೆಗೆ ಇಬ್ಬರೂ ಅಲ್ಲಿಂದ ಕದಲಲಿಲ್ಲ.