ಅಣ್ಣನ ಇಂಜಿನ್ನಿಗೆ ಬಾಯಿ ಬಂದದ್ದು

ಊರಿಗೆ ಊರೇ ಹಲ್ಲಿನ ಡಾಕ್ಟರಮ್ಮನ ಮುಂದೆ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿತ್ತು. ಅವಳ ಕೈ ಹಗುರ ಎಂದು ಹೊಗಳುತ್ತಿತ್ತು. ಆ ಕೈಯನ್ನು ನಂಬದವನು ಒಬ್ಬನೇ, ಅವಳ ಸ್ವಂತ ಅಣ್ಣ, ದರ್ಜಿ. ಅವನ ಕಡೆಯೂ ನ್ಯಾಯವಿತ್ತು ಅನ್ನಿ. ಏಳು ವರ್ಷದವಳಿದ್ದಾಗ ಅವಳು ಅವನ ಆಟದ ರೈಲಿನ ಕರಿ ಇಂಜಿನ್ನನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಲು ಇಟ್ಟಿದ್ದಳು. ಅದನ್ನು ಮತ್ತೆ ಓಡಿಸಲು ಅವನು ತಿಂಗಳುಗಟ್ಟಲೆ ಒದ್ದಾಡಿದ್ದ. ಅಂದಿನಿಂದ ಇಂಜಿನ್ ಅವಳ ಕೈಗೆ ಸಿಕ್ಕಿರಲಿಲ್ಲ.

ಈಗ ಇಬ್ಬರೂ ಪುಟಾಣಿ ರೈಲುಗಳ ಕ್ಲಬ್ಬಿನ ಸದಸ್ಯರು. ಎರಡು ವರ್ಷದ ಹಿಂದೆ ಕ್ಲಬ್ಬಿನ ಹಳಿಗಳೆಲ್ಲ ಡಿಜಿಟಲ್ ಆದವು. ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ಚಿಪ್, ಚಿಪ್ಪಿಗೊಂದು ನಂಬರು. ರಿಮೋಟಿನಲ್ಲಿ ನಂಬರು ಒತ್ತಿದರೆ ಆ ಇಂಜಿನ್ ಮಾತ್ರ ಸಿಳ್ಳೆ ಹಾಕಿ ಹೊರಡುತ್ತದೆ. ಚಿಪ್ಪಿಲ್ಲದ ಅಣ್ಣನ ಇಂಜಿನ್ ಕಪಾಟು ಸೇರಿತು. ಅವನು ಭಾನುವಾರ ಭಾನುವಾರ ಬಂದು, ಕೈ ಕಟ್ಟಿ ನಿಂತು, ಬೇರೆಯವರ ರೈಲು ನೋಡಿಕೊಂಡು ಹೋಗುತ್ತಿದ್ದ. ನೋಡುವವರಿಗೇ ಸಂಕಟವಾಗುತ್ತಿತ್ತು.

"ನಂಗೆ ಕೊಡಣ್ಣ, ಚಿಪ್ ಹಾಕ್ತೀನಿ, ಸದ್ದೂ ಬರೋ ಹಾಗೆ ಮಾಡ್ತೀನಿ" ಎಂದು ಅವಳು ಗೋಗರೆದೂ ಗೋಗರೆದೂ, ಕೊನೆಗೊಂದು ದಿನ ಅವನು ಇಂಜಿನ್ನನ್ನು ಟವೆಲ್ಲಿನಲ್ಲಿ ಸುತ್ತಿ ಕ್ಲಿನಿಕ್ಕಿಗೆ ತಂದ.

"ಕೆಡಿಸಿದ್ಯೋ, ಇನ್ಮೇಲೆ ನನ್ನ ಸೂಜಿಯನ್ನೂ ಮುಟ್ಟೋ ಹಾಗಿಲ್ಲ ಪುಟ್ಟಿ."

"ಕೆಡಿಸಲ್ಲ ಮಾರಾಯ."

"ಸೋಪು ಎಲ್ಲಿಟ್ಟಿದ್ದೀಯ, ಮೊದಲು ಅದನ್ನ ತೋರಿಸು."

ನಲವತ್ತು ದಾಟಿದ ಡಾಕ್ಟರಿಗೆ ಬೇಕಾಗಿದ್ದದ್ದು ಇಷ್ಟೇ: ಈ ಮನುಷ್ಯ ಒಂದು ಸಲ ತನ್ನ ಕೈಯನ್ನು ನಂಬಬೇಕು. ಅದಕ್ಕಾಗಿ ಅವಳು ಆ ಮಧ್ಯಾಹ್ನ ಒಬ್ಬ ರೋಗಿಯನ್ನೂ ಕರೆಯಲಿಲ್ಲ. ಅಣ್ಣ ರೋಗಿಗಳ ಕುರ್ಚಿಯಲ್ಲಿ ಕೂತು ಕಾವಲು ಕಾದ.

ಹಳೇ ಇಂಜಿನ್ನುಗಳಲ್ಲಿ ಮೋಟರಿನ ಒಂದು ತುದಿ ಲೋಹದ ಚೌಕಟ್ಟಿಗೇ ತಾಗಿಕೊಂಡಿರುತ್ತದೆ. ಅದನ್ನು ಬಿಡಿಸದೆ ಚಿಪ್ ಕೂರಿಸಿದರೆ ಚಿಪ್ ಸುಟ್ಟು ಕರಕಲು. ಅವಳು ನಡುವೆ ಟೇಪು ಹಚ್ಚಿ, ಮೀಟರ್ ಹಿಡಿದು ಮೂರು ಸಲ ಪರೀಕ್ಷಿಸಿದಳು. ಚಕ್ರದಿಂದ ಎರಡು ತಂತಿ, ಮೋಟರಿಗೆ ಎರಡು ತಂತಿ ಬೆಸೆದಳು. ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ ಸ್ಪೀಕರ್ ಇಡಲು, ಹಲ್ಲು ಕೊರೆಯುವ ಡ್ರಿಲ್ಲಿನಿಂದಲೇ ಅದರ ತಳಕ್ಕೆ ತೂತು ಕೊರೆದಳು. ಅಣ್ಣ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡ.

"ನಿನ್ನ ಹಲ್ಲಲ್ಲಣ್ಣ."

"ಹಲ್ಲಾಗಿದ್ರೆ ಚಿಂತೆ ಇರ್ತಿರಲಿಲ್ಲ."

ಭಾನುವಾರ ಕ್ಲಬ್ಬಿನಲ್ಲಿ ಉಳಿದದ್ದು ರಿಮೋಟಿನಿಂದ ಚಿಪ್ಪಿಗೆ ನಂಬರು ಬರೆಯುವ ಕೆಲಸವೊಂದೇ. ಅಣ್ಣನಿಗೆ ಇಂಜಿನ್ನಿನ ಮೈಮೇಲಿದ್ದ ನಲವತ್ತೇಳೇ ಬೇಕಿತ್ತು. ಹೊಸ ನಂಬರನ್ನು ಮೂಲೆಯಲ್ಲಿ ಬೇರೆಯಾಗಿಟ್ಟ ತುಂಡು ಹಳಿಯ ಮೇಲೆಯೇ ಬರೆಯಬೇಕು; ದೊಡ್ಡ ಹಳಿಯ ಮೇಲೆ ಬರೆದರೆ ಅಲ್ಲಿ ನಿಂತ ಇಂಜಿನ್ನುಗಳೆಲ್ಲ ಅದೇ ನಂಬರು ಹಿಡಿದುಬಿಡುತ್ತವೆ. ಹೀಗೆಂದು ಗೋಡೆಗೆ ಚೀಟಿ ಅಂಟಿಸಿದವಳು ಅವಳೇ. ಆದರೆ ತುಂಡು ಹಳಿಯ ಮೇಲೆ ಯಾರೋ ಬಣ್ಣದ ಡಬ್ಬಗಳನ್ನು ಪೇರಿಸಿದ್ದರು. ಅಣ್ಣನೋ ತುದಿಗಾಲಿನಲ್ಲಿ ನಿಂತಿದ್ದ. ಸಂಭ್ರಮದಲ್ಲಿ ಅವಳು ದೊಡ್ಡ ಹಳಿಯ ಮೇಲೆಯೇ ಇಂಜಿನ್ನಿಟ್ಟು ನಂಬರು ಬರೆದು, ಗುಂಡಿ ಒತ್ತಿದಳು.

ಹತ್ತು ಇಂಜಿನ್ನುಗಳು ಒಟ್ಟಿಗೆ ಸಿಳ್ಳೆ ಹಾಕಿ ಹೊರಟವು.

"ಅಯ್ಯೋ ನಂದು!" ಎಂದು ಸದಸ್ಯರೆಲ್ಲ ತಮ್ಮ ತಮ್ಮ ಇಂಜಿನ್ನಿನ ಮೇಲೆ ಬಿದ್ದರು. ನಿಲ್ಲಿಸುವ ಗುಂಡಿ ಒತ್ತಬೇಕೆನ್ನುವಷ್ಟರಲ್ಲಿ ಡಾಕ್ಟರಮ್ಮನ ಕೈಯಿಂದ ರಿಮೋಟ್ ಜಾರಿ ಮೇಜಿನಡಿ ಹೋಯಿತು. ಅವಳು ಬಗ್ಗಿ ತಡಕಾಡಿದಳು. ಓಡಾಡಲು ದಾರಿಯಾಗಲೆಂದು ಎರಡು ಮೇಜುಗಳ ನಡುವಿನ ಸೇತುವೆಯನ್ನು ಆಗತಾನೆ ಎತ್ತಿಟ್ಟಿದ್ದರು. ಆ ಅಂಚಿನತ್ತ ಎರಡು ಇಂಜಿನ್ನುಗಳು ಅಕ್ಕಪಕ್ಕದ ಹಳಿಗಳಲ್ಲಿ ನುಗ್ಗಿ ಬರುತ್ತಿದ್ದವು. ಒಂದು ಅಣ್ಣನ ಕರಿ ಇಂಜಿನ್. ಇನ್ನೊಂದು ಡಾಕ್ಟರಮ್ಮ ತಾನೇ ಕೂತು ಜೋಡಿಸಿದ, ಗಿಣಿಹಸಿರು ಬಣ್ಣದ್ದು. ಅಂಚಿನಲ್ಲಿ ನಿಂತಿದ್ದವನು ಅಣ್ಣನೊಬ್ಬನೇ. ಅವನು ಎರಡೂ ಕೈ ಚಾಚಿ ಹಸಿರನ್ನು ಬಾಚಿಕೊಂಡ. ಕರಿ ಇಂಜಿನ್ ನೆಲಕ್ಕೆ ಬಿತ್ತು.

ಅವಳು ಕುಕ್ಕರುಗಾಲಿನಲ್ಲಿ ಕೂತು ಮುರಿದ ಹೊಗೆಕೊಳವೆಯನ್ನು ಹೆಕ್ಕಿದಳು. ಕಣ್ಣು ತುಂಬಿ ಏನೂ ಕಾಣಿಸುತ್ತಿರಲಿಲ್ಲ.

"ನಂದೇ ತಪ್ಪು. ನೀನು ಹೇಳಿದ್ದೇ ಸರಿ, ಕೊಡಬಾರದಿತ್ತು ನಂಗೆ."

ಅಣ್ಣ ತನ್ನ ಕೈಯಲ್ಲಿದ್ದ ಹಸಿರು ಇಂಜಿನ್ನನ್ನು ತಿರುಗಿಸಿ ನೋಡಿ, ಜೋಪಾನವಾಗಿ ಮೇಜಿನ ಮೇಲಿಟ್ಟ.

"ಗಡಿಬಿಡೀಲಿ ಇದೇ ನಂದು ಅಂದ್ಕೊಂಡೆ" ಎಂದು ಗೊಣಗಿದ. "ಅದನ್ನ ಮನೆಗೆ ತಗೊಂಡು ಹೋಗಿ ಸರಿಮಾಡು. ನೀನೇ ಮಾಡು, ಬೇರೆಯವರ ಕೈಗೆ ಕೊಡಬೇಡ. ಸಿಳ್ಳೆ ಚೆನ್ನಾಗಿತ್ತು."

ಅವಳು ಸೆರಗಿನಿಂದ ಮೂಗೊರೆಸಿಕೊಂಡು, ನೆಲದಿಂದ ಕರಿ ಇಂಜಿನ್ನನ್ನು ಎತ್ತಿ ಹಸಿರಿನ ಪಕ್ಕ ಇಟ್ಟು, ಎರಡನ್ನೂ ನೋಡಿದಳು.

"ಹೌದಣ್ಣ" ಎಂದಳು, "ನೋಡೋಕೆ ಎರಡೂ ಒಂದೇ ಥರ ಇವೆ."