ಪ್ರಿನ್ಸಿಪಾಲರ ಕಂಠ

ತೊಂಬತ್ತೇಳರಲ್ಲಿ, ಟಿನ್ ಫ್ಯಾಕ್ಟರಿ ಹತ್ತಿರದ ಕಾಲೇಜೊಂದರ ಬಿ.ಕಾಂ. ತರಗತಿಗೆ ಉಮ್ಮೆ ಕುಲ್ಸುಂ ಬದಲಿ ಮೇಡಂ ಆಗಿ ಬಂದರು. ಖಾಯಂ ಮೇಡಂ ಬಾಣಂತನ ಮುಗಿಸಿ ಬರುವ ತನಕ ಮಾತ್ರ. ಎಷ್ಟೇ ಗಲಾಟೆಯಾದರೂ ಗದರುವವರಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಇರುತ್ತಿದ್ದರು. ಅದೇ ತರಗತಿಯ ಕಗ್ಗದಾಸಪುರದ ಭೀಮೇಶ ಎರಡನೇ ದಿನವೇ ನಾಮಕರಣ ಮಾಡಿಬಿಟ್ಟ: "ಕುಲ್ಸುಂ ಅಲ್ಲ ಮಗಾ, ಫುಲ್ ಸುಮ್!"

ಯಾರ ದನಿಯನ್ನಾದರೂ ಅಣಕಿಸಬಲ್ಲ ಭೀಮೇಶನ ಗಂಟಲಲ್ಲಿ ಇಡೀ ಕಾಲೇಜೇ ಬಾಡಿಗೆಗಿತ್ತು. ಪ್ರಿನ್ಸಿಪಾಲ್ ಆದಿನಾರಾಯಣರಂತೂ ಬಾಡಿಗೆದಾರರಲ್ಲ, ಮನೆಅಳಿಯ. ಒಂದು ಮಧ್ಯಾಹ್ನ ಗೆಳೆಯ ಕೆಂಪರಾಜ "ಮ್ಯಾಚ್ ಇದೆ ಗುರು, ಏನಾದ್ರೂ ಮಾಡೋ" ಅಂದದ್ದೇ ತಡ, ಭೀಮೇಶ ಕ್ಲಾಸಿನ ಹೊರಗೇ ಉಳಿದು ಬಾಗಿಲ ಮರೆಯಿಂದ ಗುಡುಗಿದ: "ಹ್ಞಾಂ... ಮೇಡಮ್ಮೋರೇ! ಮೀಟಿಂಗ್ ಇದೆ, ಹುಡುಗರನ್ನ ಬಿಟ್ಬಿಡಿ!"

"ಸರಿ ಸಾರ್," ಎಂದು ಮೇಡಂ ಖಾಲಿ ಬಾಗಿಲಿಗೆ ತಲೆಬಾಗಿ ಕ್ಲಾಸು ಬಿಟ್ಟರು.

ಮರುದಿನ ಅಟೆಂಡರ್ ಮುನಿಆಂಜನಪ್ಪ ಸುದ್ದಿ ತಂದ: "ಆಯಮ್ಮನ್ನ ಕಳಿಸ್ಬಿಡ್ತಾರಂತೆ ಕಣ್ರೋ. ಕ್ಲಾಸ್ ಬಿಟ್ಟಿದ್ದಕ್ಕಲ್ಲ. 'ನೀವೇ ಹೇಳಿದ್ರಲ್ಲ ಸಾರ್' ಅಂತ ಸಾಹೇಬ್ರ ಮುಂದೇನೇ ಸುಳ್ಳು ಹೇಳಿದ್ರಂತೆ!"

ಕೆಂಪರಾಜ ಬಿದ್ದುಬಿದ್ದು ನಕ್ಕ. ಭೀಮೇಶನಿಗೆ ನಗು ಬರಲಿಲ್ಲ. ಎರಡು ದಿನ ಯಾರ ಕಂಠವೂ ಬಾಯಿಗೆ ಬರಲಿಲ್ಲ, ತನ್ನದೂ ಅಷ್ಟಕ್ಕಷ್ಟೇ. ತಾಯಿ ಮಂಜುಳಮ್ಮ "ಗಂಟ್ಲು ಕಟ್ಟೈತೇನೋ?" ಎಂದು ಮೆಣಸಿನ ಕಷಾಯ ಕೊಟ್ಟಳು. ಕಷಾಯ ಇಳಿಯಿತು, ಗಂಟಲಲ್ಲಿದ್ದದ್ದು ಇಳಿಯಲಿಲ್ಲ.

ಮೂರನೇ ದಿನ ಪ್ರಿನ್ಸಿಪಾಲರ ಕೋಣೆಗೆ ಹೋದ. ಹೊರಗೆ ಬೆಂಚಿನ ಮೇಲೆ ಮೇಡಂ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಕೆಲಸದಿಂದ ತೆಗೆದ ಪತ್ರಕ್ಕಾಗಿ ಕಾಯುತ್ತಿದ್ದರು. ಅವನು ನೆಲ ನೋಡುತ್ತ ದಾಟಿದ.

"ಸಾರ್, ಅವತ್ತು ಹೇಳಿದ್ದು ನೀವಲ್ಲ, ನಾನು. ನಿಮ್ ಥರ."

"ಆಯಮ್ಮನ್ನ ಉಳಿಸೋಕೆ ನಾಟ್ಕ ಬೇರೆ! ನನ್ ಥರಾನಾ? ಎಲ್ಲಿ, ಮಾಡು ನೋಡೋಣ."

ಅಸಲು ಎದುರಿಗೇ ಕೂತಿರುವಾಗ ನಕಲು ಹೇಗೆ ಹೊರಟೀತು? ಭೀಮೇಶ ಕಣ್ಣು ಮುಚ್ಚಿಕೊಂಡ.

"ಹ್ಞಾಂ... ಮೇಡಮ್ಮೋರೇ!"

"ಬಂದೆ ಸಾರ್!" ಹೊರಗೆ ಮೇಡಂ ದಡಬಡಿಸಿ ಎದ್ದರು. ಕೈಚೀಲ ಬಿತ್ತು, ಸೀಮೆಸುಣ್ಣದ ತುಂಡುಗಳು ನೆಲಕ್ಕೆ ಚೆಲ್ಲಿದವು. ಅವನ್ನು ಅಲ್ಲೇ ಬಿಟ್ಟು ಬಾಗಿಲಲ್ಲಿ ಬಂದು ನಿಂತರು.

ಆದಿನಾರಾಯಣರು ಬಾಯಿಯೇ ತೆರೆದಿರಲಿಲ್ಲ. ಮೇಡಂ ಅವರನ್ನೂ ಇವನನ್ನೂ ನೋಡಿ, ಮೇಜಿನ ಮೇಲಿದ್ದ ಪತ್ರ ಹರಿದರು. "ನೀವು ಕ್ಲಾಸಿಗೆ ಹೋಗಿ ಮೇಡಂ. ಇವನು ಹದಿನೈದು ದಿನ ಕಾಲೇಜಿಂದ ಹೊರಗೆ."

ಭೀಮೇಶ ಕ್ಷಮೆ ಕೇಳಲು ತಿರುಗಿದ. ಮೇಡಂ ಅವನತ್ತ ನೋಡಲೇ ಇಲ್ಲ.

"ನಾನು ಸುಳ್ಳು ಹೇಳ್ಲಿಲ್ಲ ಅಲ್ವಾ ಸಾರ್?"

"ಇಲ್ಲಮ್ಮ," ಎಂದರು ಪ್ರಿನ್ಸಿಪಾಲರು, ಮೆಲ್ಲಗೆ.

ಹೊರಗೆ ಸುಣ್ಣದ ಚೂರು ಹೆಕ್ಕಲು ಅವನೂ ಬಗ್ಗಿದ.

"ಬೇಡ, ಬಿಡಿ," ಎಂದರು ಮೇಡಂ.